ಬೆಳೆಯ ಲೆಕ್ಕದೊಡನೆ ಆಳಿನ ಲೆಕ್ಕ

ಬೆಳೆಗಾರರಾದ ನಾವು ಹಲವು ಬಗೆಯ ಲೆಕ್ಕಗಳನ್ನು ಇಡುತ್ತೇವೆ. ಮಳೆ ಎಷ್ಟು ಇಂಚು ಬಿತ್ತು, ಗಿಡಕ್ಕೆ ಎಷ್ಟು ಗೊಬ್ಬರ ಹಾಕಿದೆವು, ಮೈಲುತುತ್ತು ಎಷ್ಟು ಕಿಲೋ ತಂದೆವು, ಕಳೆದ ವಾರ ಪೇಟೆಯಲ್ಲಿ ಧಾರಣೆ ಎಷ್ಟಿತ್ತು, ಇವೆಲ್ಲ ನಮ್ಮ ಡೈರಿಯಲ್ಲಿ ಇರುತ್ತವೆ. ಆದರೆ ಬರುವ ವರ್ಷ ಯಾವ ತಿಂಗಳಲ್ಲಿ, ಯಾವ ಕೆಲಸಕ್ಕೆ, ಎಷ್ಟು ಮಂದಿ ಬೇಕು, ಅವರಿಗೆ ಯಾವ ಕೆಲಸ ಗೊತ್ತಿರಬೇಕು, ಅವರಲ್ಲಿ ಎಷ್ಟು ಮಂದಿ ಈಗಾಗಲೇ ನಮ್ಮೂರಿನಲ್ಲಿದ್ದಾರೆ ಎಂಬ ಲೆಕ್ಕವನ್ನು ಬರೆದಿಟ್ಟವರು ವಿರಳ. ಆಳಿನ ವಿಚಾರ ನಮ್ಮ ಮಾತಿನಲ್ಲಿ ಧಾರಾಳವಾಗಿ ಬರುತ್ತದೆ, ಪುಸ್ತಕದಲ್ಲಿ ಮಾತ್ರ ಬರುವುದಿಲ್ಲ. ಪುಸ್ತಕದಲ್ಲಿ ಬಂದರೂ ವಾರದ ಬಟವಾಡೆಯ ಖರ್ಚಾಗಿ ಬರುತ್ತದೆಯೇ ಹೊರತು ಮುಂದಿನ ವರ್ಷದ ಯೋಜನೆಯಾಗಿ ಅಲ್ಲ.

ದೊಡ್ಡ ಉದ್ದಿಮೆಗಳ ಆಡಳಿತದಲ್ಲಿ ಈ ಕೆಲಸಕ್ಕೆ ‘ಮಾನವ ಸಂಪನ್ಮೂಲ ಯೋಜನೆ’ ಎಂದು ಹೆಸರು. ಹೆಸರು ದೊಡ್ಡದಾದರೂ ವಿಷಯ ಸರಳ. ಸಂಸ್ಥೆಯು ಐದು ವರ್ಷದಲ್ಲಿ ಏನಾಗಬೇಕೆಂದು ಮೊದಲು ನಿಶ್ಚಯಿಸುವುದು. ಆ ಗುರಿಗೆ ಎಂಥ ಜನ, ಎಷ್ಟು ಜನ, ಯಾವಾಗ ಬೇಕೆಂದು ಎಣಿಸುವುದು. ಈಗ ಇರುವವರು ಎಷ್ಟೆಂದು ನೋಡುವುದು. ನಡುವಿನ ಅಂತರವನ್ನು ತುಂಬುವ ದಾರಿ ಹುಡುಕುವುದು. ಇಷ್ಟೇ. ಇದು ಕಾರ್ಖಾನೆಗಳಿಗೆ, ಬ್ಯಾಂಕುಗಳಿಗೆ ಸಂಬಂಧಿಸಿದ ಮಾತು, ಎರಡು ಎಕರೆ ತೋಟದವನಿಗೆ ಇದರಿಂದ ಏನಾಗಬೇಕು ಎಂದು ಸದಸ್ಯ ಬಾಂಧವರು ಕೇಳಬಹುದು. ನಿಜಕ್ಕೂ ಇದರ ಅಗತ್ಯ ನಮಗೇ ಹೆಚ್ಚು. ಕಾರ್ಖಾನೆಯಲ್ಲಿ ಒಂದು ವಾರ ಜನ ಕಡಿಮೆಯಾದರೆ ಉತ್ಪಾದನೆ ಒಂದು ವಾರ ತಡವಾಗುತ್ತದೆ. ತೋಟದಲ್ಲಿ ಮೃಗಶಿರಾ ಮಳೆಗೆ ಮುಂಚಿನ ಒಂದು ವಾರ ತಪ್ಪಿದರೆ ಇಡೀ ವರ್ಷದ ಫಸಲು ಕೊಳೆತು ಬುಡದಲ್ಲಿ ಬೀಳುತ್ತದೆ.

ಕೊರತೆಯಲ್ಲಿ ಮೂರು ಬಗೆ

‘ಆಳು ಸಿಗುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಅಡಗಿವೆ. ಮೂರಕ್ಕೂ ಮದ್ದು ಬೇರೆಯಾದ್ದರಿಂದ ಇವನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲನೆಯದು ಸಂಖ್ಯೆಯ ಕೊರತೆ. ಊರಿನ ಮಕ್ಕಳು ಓದಿ ಪಟ್ಟಣ ಸೇರಿದ್ದಾರೆ. ಅದು ಸಂತೋಷದ ವಿಷಯವೇ. ಕಾಫಿ ತೋಟಗಳಿಗೆ ಈಗ ಉತ್ತರ ಕರ್ನಾಟಕದಿಂದ ಮಾತ್ರವಲ್ಲ, ಅಸ್ಸಾಂ, ಜಾರ್ಖಂಡ್, ಬಂಗಾಳಗಳಿಂದಲೂ ಜನ ಬರುತ್ತಿದ್ದಾರೆ. ಅವರೆಲ್ಲ ಗುಂಪಾಗಿ ಬರುವವರು. ಇಪ್ಪತ್ತು ಮಂದಿಯ ಗುಂಪಿಗೆ ಎರಡು ತಿಂಗಳ ಕೆಲಸ, ಇರಲು ಲೈನ್ ಮನೆ ಕೊಡಬಲ್ಲ ದೊಡ್ಡ ಎಸ್ಟೇಟಿಗೆ ಅವರು ಸಿಗುತ್ತಾರೆ. ಹದಿನೈದು ದಿನದ ಕೆಲಸವಿರುವ ಸಣ್ಣ ಬೆಳೆಗಾರನಿಗೆ ಸಿಗುವುದು ಕಷ್ಟ.

ಎರಡನೆಯದು ಕುಶಲತೆಯ ಕೊರತೆ. ಗುಂಡಿ ತೆಗೆಯುವವರು ಹತ್ತು ಮಂದಿ ಸಿಕ್ಕಿದರೂ ಅಡಿಕೆ ಮರ ಏರುವ ಕೊನೆಗಾರ ಒಬ್ಬ ಸಿಗದಿರಬಹುದು. ಮರಗಸಿ ಮಾಡುವವನಿಗೆ ಯಾವ ಕೊಂಬೆ ತೆಗೆದರೆ ಯಾವ ಗಿಡಕ್ಕೆ ಬೆಳಕು ಬೀಳುತ್ತದೆಂದು ತಿಳಿದಿರಬೇಕು. ಬಿಳಿ ಕಾಂಡಕೊರಕ ತಗುಲಿದ ಅರೇಬಿಕಾ ಗಿಡವನ್ನು ಹುಳು ಹಾರುವ ಕಾಲಕ್ಕೆ ಮೊದಲೇ ಗುರುತಿಸಿ ಕೀಳಿಸಲು ಪಳಗಿದ ಕಣ್ಣು ಬೇಕು. ಈ ಕೆಲಸಗಳಿಗೆ ತಲೆ ಎಣಿಸಿದರೆ ಸಾಲದು.

ಮೂರನೆಯದು ಕಾಲದ ಕೊರತೆ. ವರ್ಷಕ್ಕೆ ಸಾಕಾಗುವಷ್ಟು ಜನ ಊರಿನಲ್ಲಿದ್ದರೂ ಎಲ್ಲರಿಗೂ ಒಂದೇ ವಾರದಲ್ಲಿ ಬೇಕಾದರೆ ಯಾರಿಗೂ ಸಿಗುವುದಿಲ್ಲ. ಕಾಫಿ ಮತ್ತು ಅಡಿಕೆ ಎರಡನ್ನೂ ಬೆಳೆಯುವ ನಮ್ಮ ಕಡೆಯ ತೋಟಗಳಲ್ಲಿ ಈ ಘರ್ಷಣೆ ವರ್ಷಕ್ಕೆ ಎರಡು ಸಲ ಬರುತ್ತದೆ. ಮೇ ತಿಂಗಳ ಕೊನೆಯಲ್ಲಿ ಅಡಿಕೆಗೆ ಬೋರ್ಡೋ ಹೊಡೆಯಬೇಕು, ಕಾಫಿಗೂ ಹೊಡೆಯಬೇಕು. ಪಂಪು, ಪೈಪು, ಮದ್ದು ಕಲಸುವವರು ಎರಡಕ್ಕೂ ಅವರೇ. ಡಿಸೆಂಬರಿನಲ್ಲಿ ಅರೇಬಿಕಾ ಹಣ್ಣಾಗಿ ನಿಂತಿರುತ್ತದೆ, ಅಡಿಕೆಯ ಕೊನೆಯೂ ಇಳಿಯಬೇಕು, ಇಳಿದದ್ದನ್ನು ಸುಲಿಯಬೇಕು.

ಒಂದು ಊರಿನ ಅಡಿಕೆಯ ಲೆಕ್ಕ

ಮಾತು ಸಾಕು, ಅಂಕಿಯಲ್ಲಿ ನೋಡೋಣ. ಇಲ್ಲಿ ಕೊಟ್ಟಿರುವ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ. ಪ್ರತಿಯೊಬ್ಬರೂ ತಮ್ಮ ತೋಟದ ಅಂಕಿ ಹಾಕಿ ನೋಡಬೇಕು.

ಒಂದು ಊರಿನಲ್ಲಿ 40 ಮಂದಿ ಬೆಳೆಗಾರರು, ತಲಾ 2 ಎಕರೆ ಅಡಿಕೆ ಎಂದು ಇಟ್ಟುಕೊಳ್ಳಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಒಟ್ಟು 44,000 ಮರವಾಯಿತು. ಒಬ್ಬ ಕೊನೆಗಾರ ದಿನಕ್ಕೆ 200 ಮರಕ್ಕೆ ಮದ್ದು ಹೊಡೆಯುತ್ತಾನೆಂದು ಹಿಡಿದರೆ ಒಂದು ಸುತ್ತಿಗೆ 220 ಆಳು ದಿನ ಬೇಕು. ಮುಂಗಾರು ಹಿಡಿಯುವುದಕ್ಕೆ ಮೊದಲು ನಮ್ಮ ಕೈಯಲ್ಲಿರುವುದು 20 ದಿನ. ಹಾಗಾದರೆ ಆ ಊರಿಗೆ 11 ಮಂದಿ ಕೊನೆಗಾರರು ಬೇಕು.

ಊರಿನಲ್ಲಿ ಇರುವವರು ನಾಲ್ಕೇ ಮಂದಿ ಎಂದುಕೊಳ್ಳಿ. ಅವರು ಒಂದು ದಿನವೂ ಬಿಡುವಿಲ್ಲದೆ ದುಡಿದರೂ ಸುತ್ತು ಮುಗಿಯಲು 55 ದಿನ. ಮೊದಲು ಹೊಡೆಸಿದವನಿಗೆ ಎರಡನೇ ಸಿಂಪರಣೆ 40-45 ದಿನದೊಳಗೆ ಆಗಬೇಕು. ಅಂದರೆ ಕೊನೆಯವನಿಗೆ ಮೊದಲ ಸುತ್ತು ಮುಗಿಯುವ ಮುಂಚೆಯೇ ಮೊದಲನೆಯವನಿಗೆ ಎರಡನೇ ಸುತ್ತಿನ ಕಾಲ ಬಂದಿರುತ್ತದೆ. ಈ ಊರಿನಲ್ಲಿ ಪ್ರತಿ ವರ್ಷ ಹಲವರ ತೋಟಕ್ಕೆ ಕೊಳೆರೋಗ ಬಂದೇ ಬರುತ್ತದೆ. ಅದು ಅವರ ಹಣೆಬರಹವಲ್ಲ, ಮೈಲುತುತ್ತಿನ ದೋಷವೂ ಅಲ್ಲ. 44,000 ಮರಕ್ಕೆ ನಾಲ್ಕು ಜೊತೆ ಕೈಗಳಿದ್ದುದರ ಫಲ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಒಬ್ಬೊಬ್ಬ ಬೆಳೆಗಾರನೂ ತನ್ನ 1,100 ಮರಗಳ ಲೆಕ್ಕ ಹಾಕಿದರೆ ಅವನಿಗೆ ಬೇಕಾದದ್ದು ಐದೂವರೆ ಆಳು ದಿನ ಮಾತ್ರ. ಹೇಗೋ ಆದೀತು ಎಂದು ಸುಮ್ಮನಾಗುತ್ತಾನೆ. ಕೊರತೆ ಇರುವುದು ತೋಟದಲ್ಲಲ್ಲ, ಊರಿನಲ್ಲಿ. ಆದ್ದರಿಂದ ಒಬ್ಬೊಬ್ಬರ ಲೆಕ್ಕದಲ್ಲಿ ಕಾಣದ ಈ ಕೊರತೆಯನ್ನು ಸಂಘದ ಲೆಕ್ಕ ಮಾತ್ರ ತೋರಿಸಬಲ್ಲದು. ಹೆಚ್ಚು ಕೂಲಿ ಕೊಟ್ಟು ಕೊನೆಗಾರನನ್ನು ನೆರೆಯವನಿಂದ ಸೆಳೆದುಕೊಂಡರೆ ನಮ್ಮ ಮನೆಯ ಕೊರತೆ ಪಕ್ಕದ ಮನೆಗೆ ಹೋಯಿತೇ ವಿನಾ ಊರಿನ ಕೊರತೆ ನೀಗಲಿಲ್ಲ. ಐದನೆಯ, ಆರನೆಯ ಕೊನೆಗಾರನನ್ನು ತಯಾರು ಮಾಡುವುದೊಂದೇ ನಿಜವಾದ ಪರಿಹಾರ.

ಇರುವ ನಾಲ್ವರ ವಯಸ್ಸನ್ನೂ ಬರೆದು ನೋಡಬೇಕು. ಮೂವರು ಐವತ್ತು ದಾಟಿದ್ದರೆ ಐದು ವರ್ಷದ ನಂತರ ಉಳಿಯುವವನು ಒಬ್ಬನೇ ಆಗಬಹುದು. ಇಂದು ತರಬೇತಿ ಆರಂಭಿಸಿದರೆ ಹುಡುಗನ ಕೈ ಪಳಗಿ, ಅವನಿಗೆ ಧೈರ್ಯ ಬರಲು ಒಂದೆರಡು ಹಂಗಾಮು ಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ ಇಲ್ಲಿ ನಡೆಯದು.

ಕಾಫಿ ಕೊಯ್ಲಿನ ಲೆಕ್ಕ

ಕಾಫಿಯ ಲೆಕ್ಕವೂ ಇದೇ ರೀತಿ. 3 ಎಕರೆ ಅರೇಬಿಕಾ, ಎಕರೆಗೆ 50 ಕಿಲೋದ 10 ಚೀಲ ಪಾರ್ಚ್‌ಮೆಂಟ್ ಅಂದಾಜು ಮಾಡಿದರೆ ಒಟ್ಟು 1,500 ಕಿಲೋ. ಐದು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಪಾರ್ಚ್‌ಮೆಂಟ್ ಬರುವುದರಿಂದ ಕೊಯ್ಯಬೇಕಾದ ಹಣ್ಣು 7,500 ಕಿಲೋ. ಇದರಲ್ಲಿ ನೂರಕ್ಕೆ 70 ಭಾಗ, ಅಂದರೆ 5,250 ಕಿಲೋ ಮುಖ್ಯ ಕೊಯ್ಲಿನಲ್ಲಿ ಬರುತ್ತದೆಂದು ಹಿಡಿಯೋಣ. ಒಬ್ಬರು ದಿನಕ್ಕೆ 60 ಕಿಲೋ ಕೊಯ್ದರೆ 88 ಆಳು ದಿನ. ಹಣ್ಣು ಹದವಾಗಿರುವ 12 ದಿನದೊಳಗೆ ಮುಗಿಸಬೇಕಾದರೆ ದಿನಕ್ಕೆ ಎಂಟು ಮಂದಿ ಬೇಕು. ಐದೇ ಮಂದಿ ಬಂದರೆ 18 ದಿನವಾಗುತ್ತದೆ. ಆ ಹೆಚ್ಚಿನ ಆರು ದಿನದಲ್ಲಿ ಹಣ್ಣು ಮಾಗಿ ಒಣಗುತ್ತದೆ, ಉದುರುತ್ತದೆ. ಅಕಾಲ ಮಳೆ ಬಂದರೆ ಒಡೆಯುತ್ತದೆ. ನೆಲಕ್ಕೆ ಬಿದ್ದ ಹಣ್ಣನ್ನು ಆರಿಸದೆ ಬಿಟ್ಟರೆ ಮುಂದಿನ ವರ್ಷದ ಕಾಯಿಕೊರಕಕ್ಕೆ ನಾವೇ ಮನೆ ಕಟ್ಟಿಕೊಟ್ಟಂತೆ.

ಈ ಲೆಕ್ಕವನ್ನು ಡಿಸೆಂಬರಿನಲ್ಲಿ ಹಾಕಿ ಪ್ರಯೋಜನವಿಲ್ಲ. ಹೂಮಳೆ, ಅದರ ಹಿಂದಿನ ಮಳೆ ಮುಗಿದು ಕಾಯಿ ನಿಂತ ಮೇಲೆ ಫಸಲಿನ ಅಂದಾಜು ತಿಳಿಯುತ್ತದೆ. ಮಳೆಗಾಲದ ಕೊನೆಗೆ ಇನ್ನೂ ಸ್ಪಷ್ಟವಾಗುತ್ತದೆ. ಸೆಪ್ಟೆಂಬರಿನಲ್ಲಿ ಕುಳಿತು ಲೆಕ್ಕ ಹಾಕಿದರೆ ಮೇಸ್ತ್ರಿಯ ಹತ್ತಿರ ಮಾತಾಡಲು, ನೆರೆಯವರೊಡನೆ ದಿನ ಹೊಂದಿಸಿಕೊಳ್ಳಲು ಎರಡು ತಿಂಗಳು ಸಿಗುತ್ತದೆ.

ಮೂವರು ಸಣ್ಣ ಬೆಳೆಗಾರರು ಸೇರಿದರೆ ಹೊರಗಿನಿಂದ ಬರುವ ಗುಂಪಿಗೆ ಒಂದೂವರೆ ತಿಂಗಳ ಕೆಲಸ ಕೊಡಬಹುದು. ಒಬ್ಬರ ತೋಟ ಎತ್ತರದಲ್ಲಿ, ಇನ್ನೊಬ್ಬರದು ತಗ್ಗಿನಲ್ಲಿ ಇದ್ದರೆ ಹಣ್ಣಾಗುವ ಕಾಲವೂ ಹಿಂದು ಮುಂದಾಗುತ್ತದೆ. ರೊಬಸ್ಟಾ ಇರುವವರು ಜೊತೆಗಿದ್ದರೆ ಅರೇಬಿಕಾ ಮುಗಿದ ಮೇಲೆ ಅದೇ ಗುಂಪಿಗೆ ಅಲ್ಲಿ ಕೆಲಸ. ನಮ್ಮ ಹಿರಿಯರ ಮುಯ್ಯಾಳು ಪದ್ಧತಿಯ ತಿರುಳು ಇದೇ. ಇಂದು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ ಎಂದು ದಿನ ಹಂಚಿಕೊಳ್ಳುತ್ತಿದ್ದ ಆ ವ್ಯವಸ್ಥೆ ಒಂದು ಕಾಲದ ಆಳಿನ ಯೋಜನೆಯೇ ಆಗಿತ್ತು. ಬಾಯಿಮಾತಿನಲ್ಲಿ ನಡೆಯುತ್ತಿದ್ದದ್ದನ್ನು ಈಗ ಕಾಗದದಲ್ಲಿ ಮಾಡಬೇಕಾಗಿದೆ.

ಗುರಿ ಮೊದಲು, ಎಣಿಕೆ ಆಮೇಲೆ

ಇಲ್ಲಿಯವರೆಗೆ ಹೇಳಿದ್ದು ಎಣಿಕೆಯ ಮಾತು. ಆದರೆ ಎಣಿಕೆಗೆ ಮೊದಲು ಒಂದು ಪ್ರಶ್ನೆ ಇದೆ. ನಮ್ಮ ತೋಟ ಏನಾಗಬೇಕು?

ಒಬ್ಬ ಬೆಳೆಗಾರ ಕಾಫಿಗೆ ಒಳ್ಳೆಯ ದರ ಸಿಗಲೆಂದು ಕೆಂಪು ಹಣ್ಣನ್ನೇ ಆರಿಸಿ ಕೊಯ್ದು ಪಾರ್ಚ್‌ಮೆಂಟ್ ಮಾಡಲು ನಿಶ್ಚಯಿಸುತ್ತಾನೆ. ಅವನಿಗೆ ಹಲವು ಸುತ್ತು ಕೊಯ್ಯುವ ಪಳಗಿದ ಕೈಗಳು ಬೇಕು, ಪಲ್ಪರ್ ನೋಡಿಕೊಳ್ಳುವವನು ಬೇಕು, ಕಣದಲ್ಲಿ ತಿರುವುವವರು ಬೇಕು. ಕಿಲೋ ಲೆಕ್ಕದಲ್ಲಿ ಮಾತ್ರ ಕೂಲಿ ಕೊಟ್ಟರೆ ಹಸಿರು ಕಾಯಿಯೂ ಬುಟ್ಟಿಗೆ ಬರುತ್ತದೆ. ಅವನು ಕೂಲಿಯ ಕ್ರಮವನ್ನೇ ಬೇರೆ ಮಾಡಬೇಕಾಗುತ್ತದೆ. ಇನ್ನೊಬ್ಬ ಚೆರ್‍ರಿ ಮಾಡಿಯೇ ಮಾರುತ್ತಾನೆ. ಅವನಿಗೆ ಕಡಿಮೆ ಜನ ಸಾಕು, ಆದರೆ ಒಣಗಿಸಲು ದೊಡ್ಡ ಕಣ ಬೇಕು. ಮೂರನೆಯವನ ಮಕ್ಕಳು ಬೆಂಗಳೂರಿನಲ್ಲಿ ಇದ್ದಾರೆ. ಅವನಿಗೆ ಆದಷ್ಟು ಕಡಿಮೆ ಆಳಿನಲ್ಲಿ ತೋಟ ಉಳಿದರೆ ಸಾಕು. ಮೂವರ ಗುರಿಯೂ ತಪ್ಪಲ್ಲ. ಆದರೆ ಮೊದಲನೆಯವನ ಗುರಿಯನ್ನು ಇಟ್ಟುಕೊಂಡು ಮೂರನೆಯವನಷ್ಟು ಜನರಲ್ಲಿ ಮಾಡುತ್ತೇನೆಂದರೆ ನಡೆಯುವುದಿಲ್ಲ.

ಗುರಿಯು ಆಳನ್ನು ನಿರ್ಧರಿಸುವಂತೆಯೇ ಆಳೂ ಗುರಿಗೆ ಮಿತಿ ಹಾಕುತ್ತದೆ. ಎಣಿಕೆ ಮಾಡಿ ನೋಡಿ, ತರಬೇತಿ, ಯಂತ್ರ, ನೆರೆಹೊರೆಯ ಸಹಕಾರ ಎಲ್ಲ ಸೇರಿಸಿದರೂ ಕೈ ಸಾಲದೆಂದು ಕಂಡರೆ ಗುರಿಯನ್ನೇ ಬದಲಿಸುವುದು ವಿವೇಕ. ಐದು ಎಕರೆಯಲ್ಲಿ ಅರೆಬರೆ ಕೆಲಸ ಮಾಡುವ ಬದಲು ಮೂರು ಎಕರೆಯನ್ನು ಚೆನ್ನಾಗಿ ನೋಡಿಕೊಂಡು, ಉಳಿದದ್ದರಲ್ಲಿ ಕಡಿಮೆ ಆಳು ಬೇಡುವ ಬೆಳೆ ಇಡುವುದು ಸೋಲಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಣಕ್ಕೆ ಮಾತ್ರ ಹೇಳಿದ ಮಾತಲ್ಲ.

ಗಿಡ ನೆಡುವ ದಿನವೇ ಆಳಿನ ನಿರ್ಧಾರವೂ ಆಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಇಂದು ಎತ್ತರದ ಅಡಿಕೆ ತಳಿ ನೆಟ್ಟವನು ಮುಂದಿನ ನಲವತ್ತು ವರ್ಷ ಕೊನೆಗಾರನನ್ನು ಅವಲಂಬಿಸುತ್ತೇನೆ ಎಂದು ಬರೆದುಕೊಟ್ಟಂತೆ. ಹಿರೇಹಳ್ಳಿ ಕುಬ್ಜ ತಳಿಯನ್ನು ಬಳಸಿ ವಿಟ್ಲದ ಸಂಶೋಧನಾ ಕೇಂದ್ರ ರೂಪಿಸಿದ ವಿ.ಟಿ.ಎಲ್.ಎ.ಎಚ್.-1, ವಿ.ಟಿ.ಎಲ್.ಎ.ಎಚ್.-2 ಎಂಬ ಮಿಶ್ರತಳಿಗಳ ಮರಗಳು ಗಿಡ್ಡ. ಮದ್ದು ಹೊಡೆಯುವುದೂ ಕೊನೆ ಕೊಯ್ಯುವುದೂ ಸುಲಭ. ಇವು ಎಲ್ಲರಿಗೂ ಹೊಂದುತ್ತವೆ ಎಂದಲ್ಲ, ಸಸಿಗಳೂ ಕೇಳಿದಾಗ ಕೇಳಿದಷ್ಟು ಸಿಗುವಂಥವಲ್ಲ. ಮರುನಾಟಿ ಮಾಡುವವರು ಇಳುವರಿ, ಧಾರಣೆಗಳ ಜೊತೆಗೆ ‘ಇದನ್ನು ಇಪ್ಪತ್ತು ವರ್ಷದ ಮೇಲೆ ಯಾರು ಕೊಯ್ಯುತ್ತಾರೆ?’ ಎಂಬುದನ್ನೂ ಕೇಳಿಕೊಳ್ಳಬೇಕೆಂಬುದಷ್ಟೇ ಇಲ್ಲಿನ ತಾತ್ಪರ್ಯ.

ಯಂತ್ರಗಳ ವಿಷಯವೂ ಹಾಗೆಯೇ. ನೆಲದಲ್ಲೇ ನಿಂತು ಕೊನೆ ಇಳಿಸುವ, ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಕಳೆ ಕೊಚ್ಚುವ ಯಂತ್ರ, ಅಡಿಕೆ ಸುಲಿಯುವ ಯಂತ್ರ ಹಲವರ ಮನೆಯಲ್ಲಿವೆ. ಯಂತ್ರ ಬಂದರೆ ಆಳು ಬೇಡ ಎನ್ನುವುದು ಪೂರ್ತಿ ನಿಜವಲ್ಲ. ಬೇರೆ ಬಗೆಯ ಆಳು ಬೇಕಾಗುತ್ತದೆ. ಉದ್ದದ ದೋಟಿಯನ್ನು ಸಮತೂಕದಲ್ಲಿ ಹಿಡಿಯಲು ಅಭ್ಯಾಸ ಬೇಕು; ತೋಟದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆಂಬ ಅರಿವು ಇರಲೇಬೇಕು. ಯಂತ್ರ ಕೆಟ್ಟಾಗ ಹಂಗಾಮಿನ ನಡುವೆ ಸರಿಮಾಡುವವನೊಬ್ಬ ಊರಿನಲ್ಲೇ ಇರಬೇಕು. ಯಂತ್ರಕ್ಕೆ ಹಣ ಕೂಡಿಸುವಾಗಲೇ ಇವರನ್ನೂ ಲೆಕ್ಕಕ್ಕೆ ಸೇರಿಸಬೇಕು.

ಸಹಕಾರ ಸಂಸ್ಥೆಗಳು ಕಲಿಸುವ ಪಾಠ

ಗುರಿ ಬದಲಾದಾಗ ಬೇಕಾಗುವ ಜನರೂ ಬದಲಾಗುತ್ತಾರೆ ಎಂಬುದಕ್ಕೆ ನಮ್ಮ ಕ್ಷೇತ್ರದಲ್ಲೇ ಉದಾಹರಣೆಗಳಿವೆ.

ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾಗಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಆಗಿನ ಗುರಿ ಅಡಿಕೆಯನ್ನು ಕೊಂಡು ಧಾರಣೆಗೆ ಆಧಾರ ಕೊಡುವುದು. ಅಂಥ ಸಂಸ್ಥೆಗೆ ಚಾಲಿಯ ತರಗತಿಯನ್ನು ಕೈಯಲ್ಲಿ ಹಿಡಿದು ಹೇಳಬಲ್ಲವರು, ದೂರದ ಪೇಟೆಗಳನ್ನು ಬಲ್ಲವರು, ಗೋದಾಮು ಮತ್ತು ಲೆಕ್ಕ ನೋಡುವವರು ಬೇಕು. ಮುಂದೆ ಕೋಕೊ ಬೆಳೆದವರಿಗೆ ಮಾರುಕಟ್ಟೆ ಇಲ್ಲದೆ ಹೋದಾಗ ಸಂಸ್ಥೆ ಕೋಕೊ ಖರೀದಿಗೂ ಇಳಿಯಿತು. ಅಡಿಕೆಯನ್ನು ಬಲ್ಲವರಿಗೆ ಹಸಿ ಕೋಕೊ ಬೀಜವನ್ನು ಹುದುಗು ಹಾಕಿ ಒಣಗಿಸುವ ವಿದ್ಯೆ ತಾನಾಗಿ ಬರುವುದಿಲ್ಲ. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭವಾದಾಗ ಬೇಕಾದವರು ಮತ್ತೆ ಬೇರೆ: ಆಹಾರ ತಂತ್ರಜ್ಞರು, ಯಂತ್ರ ನೋಡಿಕೊಳ್ಳುವ ಎಂಜಿನಿಯರುಗಳು, ಅಂಗಡಿ ಅಂಗಡಿಗೆ ಮಾಲು ಮುಟ್ಟಿಸುವ ಮಾರಾಟಗಾರರು. ಹದಿಮೂರು ವರ್ಷದಲ್ಲಿ ಒಂದೇ ಸಂಸ್ಥೆಗೆ ಮೂರು ಬಗೆಯ ಜನ ಬೇಕಾದರು. ಹೊಸ ಗುರಿ ಹಿಡಿಯುವ ಯಾವ ಸಂಘವೂ ‘ಇರುವ ಸಿಬ್ಬಂದಿಯಲ್ಲೇ ಹೊಂದಿಸೋಣ’ ಎಂದು ಹೊರಡುವಂತಿಲ್ಲ ಎಂಬುದು ಇದರ ಪಾಠ.

ಕಾಫಿಯಲ್ಲಿ ಬದಲಾವಣೆ ಇನ್ನೂ ಒಮ್ಮೆಲೇ ಬಂತು. ಪೂಲ್ ಪದ್ಧತಿ ಇದ್ದಷ್ಟು ಕಾಲ ಬೆಳೆದದ್ದನ್ನು ಕಾಫಿ ಬೋರ್ಡಿನ ಪೂಲಿಗೆ ಹಾಕಿದರೆ ಬೆಳೆಗಾರನ ಕೆಲಸ ಮುಗಿಯುತ್ತಿತ್ತು. ಮಾರುವುದು ಬೋರ್ಡಿನ ಹೊಣೆ. 1990ರ ದಶಕದಲ್ಲಿ ಹಂತ ಹಂತವಾಗಿ ಮುಕ್ತ ಮಾರಾಟ ಬಂದು, 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ತಮ್ಮ ಪೂರ್ತಿ ಫಸಲನ್ನು ತಾವೇ ಮಾರುವಂತಾಯಿತು. ಸ್ವಾತಂತ್ರ್ಯ ಸಿಕ್ಕಿತು, ಆದರೆ ಔಟ್‌ಟರ್ನ್ ನೋಡಬಲ್ಲವರು, ತೇವಾಂಶ ಅಳೆಯಬಲ್ಲವರು, ಕಪ್ಪಿನಲ್ಲಿ ರುಚಿ ನೋಡಿ ದೋಷ ಹೇಳಬಲ್ಲವರು ಸಣ್ಣ ಬೆಳೆಗಾರನ ಬಳಿ ಇರಲಿಲ್ಲ. ಆ ವಿದ್ಯೆ ಇದ್ದದ್ದು ಕೊಳ್ಳುವವರ ಬಳಿ. ಎದುರಿಗಿರುವವನಿಗೆ ನಮ್ಮ ಕಾಫಿಯ ಗುಣ ನಮಗಿಂತ ಹೆಚ್ಚು ತಿಳಿದಿದ್ದರೆ ದರ ಹೇಳುವವನು ಅವನೇ. ಕಾಫಿ ಬೋರ್ಡು ಬೆಂಗಳೂರಿನಲ್ಲಿ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತಿದೆ. ಸದಸ್ಯರ ಮಕ್ಕಳಲ್ಲಿ ಒಬ್ಬರಿಗೆ ಸಂಘವೇ ನೆರವು ಕೊಟ್ಟು ಓದಿಸಿ, ಇಷ್ಟು ವರ್ಷ ಸಂಘದಲ್ಲಿ ದುಡಿಯಬೇಕೆಂದು ಒಪ್ಪಂದ ಮಾಡಿಕೊಳ್ಳುವುದು ಒಂದು ದಾರಿ.

ಹೊರಗಿನ ಉದಾಹರಣೆ ಬೇಕಾದರೆ ಗುಜರಾತಿನ ಆನಂದ್ ಇದೆ. 1946ರಲ್ಲಿ ತ್ರಿಭುವನದಾಸ್ ಪಟೇಲರ ನಾಯಕತ್ವದಲ್ಲಿ ಆರಂಭವಾದ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಒಕ್ಕೂಟಕ್ಕೆ ರೈತರ ಬಲವಿತ್ತು. ಸರ್ಕಾರಿ ಕೆಲಸದ ಮೇಲೆ 1949ರಲ್ಲಿ ಆನಂದಿಗೆ ಬಂದಿದ್ದ ಎಂಜಿನಿಯರ್ ವರ್ಗೀಸ್ ಕುರಿಯನ್ ಅವರನ್ನು ಒಕ್ಕೂಟ ಉಳಿಸಿಕೊಂಡಿತು. ಹೈನು ತಂತ್ರಜ್ಞ ಎಚ್. ಎಂ. ದಲಾಯಾ ಜೊತೆಗೂಡಿದರು. ಎಮ್ಮೆ ಹಾಲಿನಿಂದ ಪುಡಿ ಮಾಡುವುದು ಸಾಧ್ಯವಾದದ್ದು ಅಂಥವರಿಂದ. ಗ್ರಾಮೀಣ ಸಂಸ್ಥೆಗಳನ್ನು ನಡೆಸುವವರನ್ನು ತಯಾರಿಸಲೆಂದೇ 1979ರಲ್ಲಿ ಅದೇ ಊರಿನಲ್ಲಿ ಒಂದು ಶಿಕ್ಷಣ ಸಂಸ್ಥೆ ಆರಂಭವಾಯಿತು. ಅವರು ಡೇರಿ ಕಟ್ಟಿದಷ್ಟೇ ಕಾಳಜಿಯಿಂದ ಡೇರಿ ನಡೆಸುವವರನ್ನೂ ಕಟ್ಟಿದರು.

ಇರುವವರನ್ನು ಉಳಿಸಿಕೊಳ್ಳುವುದು

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂದು ಗಾದೆ. ತೋಟವನ್ನು ಖುದ್ದಾಗಿ ನೋಡಿಕೊಳ್ಳಬೇಕೆಂಬ ಅರ್ಥದಲ್ಲಿ ಅದು ಸರಿ. ಆದರೆ ಇಂದು ಎಷ್ಟೋ ತೋಟಗಳಲ್ಲಿ ತಾನು ಮುದುಕನಾಗಿದ್ದಾನೆ, ಮಗ ಊರಿನಲ್ಲಿಲ್ಲ. ತೋಟ ನಿಂತಿರುವುದೇ ಆಳಿನ ಕೈಯಲ್ಲಿ. ಅವನು ಮಾಡಿದ್ದು ಹಾಳಾದರೆ ಅವನಿಗೆ ಕಲಿಸಿದ್ದೇನು, ಹೇಳಿದ್ದೇನು, ಕೊಟ್ಟ ಹತ್ಯಾರು ಎಂಥದು ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.

ಹೊಸಬರನ್ನು ಹುಡುಕುವುದಕ್ಕಿಂತ ಇರುವವರನ್ನು ಉಳಿಸಿಕೊಳ್ಳುವುದು ಅಗ್ಗ. ವರ್ಷದಲ್ಲಿ ಎರಡು ತಿಂಗಳು ಮಾತ್ರ ಕರೆದು ಹತ್ತು ತಿಂಗಳು ಮರೆತರೆ ಕೊನೆಗಾರ ಬೇರೆ ದಾರಿ ನೋಡಿಕೊಳ್ಳುತ್ತಾನೆ. ಐದಾರು ಮನೆಯವರು ಸೇರಿ ಮದ್ದು ಹೊಡೆಯುವುದು, ಕೊನೆ ಇಳಿಸುವುದು, ಕಾಳುಮೆಣಸು ಕೊಯ್ಲು, ಮರಗಸಿ ಎಂದು ಸರಣಿಯಾಗಿ ಕೆಲಸ ಜೋಡಿಸಿದರೆ ಒಂದು ಸಂಸಾರ ವರ್ಷವಿಡೀ ಊರಿನಲ್ಲೇ ನಿಲ್ಲುತ್ತದೆ. ಬಟವಾಡೆ ಹೇಳಿದ ದಿನಕ್ಕೆ ಸಿಗುವುದು, ಮುಂಗಡದ ಲೆಕ್ಕ ಇಬ್ಬರ ಕೈಯಲ್ಲೂ ಬರಹದಲ್ಲಿರುವುದು, ಹೊರಗಿನಿಂದ ಬಂದವರಿಗೆ ಸೋರದ ಸೂರು, ಕುಡಿಯುವ ನೀರು, ಹೆಂಗಸರಿಗೆ ಪಾಯಖಾನೆ ಇರುವುದು, ಇವು ಉಪಕಾರಗಳಲ್ಲ. ಮುಂದಿನ ವರ್ಷ ಅದೇ ಗುಂಪು ಮರಳಿ ಬರುವುದೇ ಇಲ್ಲವೇ ಎಂಬುದನ್ನು ಇವೇ ನಿರ್ಧರಿಸುತ್ತವೆ.

ಸುರಕ್ಷತೆಯ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಅರವತ್ತು ಅಡಿ ಎತ್ತರದಲ್ಲಿ, ಒದ್ದೆ ಮರದಲ್ಲಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಮನುಷ್ಯ ಬಿದ್ದರೆ ಅವನ ಮನೆಯ ಒಲೆ ಆರುತ್ತದೆ. ಮಗನನ್ನು ಅದೇ ಕೆಲಸಕ್ಕೆ ಕಳಿಸಲು ಯಾವ ತಾಯಿಯೂ ಒಪ್ಪುವುದಿಲ್ಲ. ಕೊನೆಗಾರರ ಕೊರತೆಗೆ ಕೂಲಿಗಿಂತ ದೊಡ್ಡ ಕಾರಣ ಈ ಭಯ. ಸುರಕ್ಷಾ ಬೆಲ್ಟು, ಏಣಿ, ಮರ ಏರುವ ಸಾಧನಗಳನ್ನು ಸಂಘ ಖರೀದಿಸಿ ಬಾಡಿಗೆಗೆ ಕೊಡಬಹುದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆದಾರರಿಗೆ ವರ್ಷಕ್ಕೆ 20 ರೂಪಾಯಿ ಕಂತಿನಲ್ಲಿ ಅಪಘಾತ ಮರಣಕ್ಕೆ 2 ಲಕ್ಷ ರೂಪಾಯಿ ವಿಮೆ ಇದೆ. ಅದರ ವರ್ಷ ಜೂನ್ 1ರಿಂದ ಮೇ 31ರವರೆಗೆ. ಮದ್ದು ಹೊಡೆಯುವ ಹಂಗಾಮಿಗೂ ಇದಕ್ಕೂ ತಾಳೆ ಕೂಡುತ್ತದೆ. ತಮ್ಮ ವ್ಯಾಪ್ತಿಯ ಪ್ರತಿಯೊಬ್ಬ ಕೊನೆಗಾರನ ಹೆಸರೂ ಮೇ ತಿಂಗಳಲ್ಲೇ ಇದರಲ್ಲಿ ಸೇರಿದೆಯೇ ಎಂದು ಸಂಘಗಳು ನೋಡಿಕೊಳ್ಳಬೇಕು. ಒಬ್ಬ ಕೊನೆಗಾರನಿಗೆ ತಗಲುವ ಖರ್ಚು ಒಂದು ಕಾಫಿ ತಿಂಡಿಯದಕ್ಕಿಂತ ಹೆಚ್ಚಲ್ಲ. ಇದೊಂದೇ ಸಾಕೆಂದಲ್ಲ, ಇಷ್ಟಾದರೂ ಇರಲೇಬೇಕು.

ತರಬೇತಿಯ ದಾರಿಯೂ ಹೊಸತಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ಕಾರ್ಯಕ್ರಮ ಆರಂಭಿಸಿ ಯುವಕ ಯುವತಿಯರಿಗೆ ಯಂತ್ರದ ನೆರವಿನಿಂದ ಮರ ಏರುವುದನ್ನು ಕಲಿಸಿತು. 2018ರಲ್ಲಿ ವಿಟ್ಲದಲ್ಲಿ ‘ಅಡಿಕೆ ಕೌಶಲ್ಯ ಪಡೆ’ಯ ಹೆಸರಿನಲ್ಲಿ ಅಡಿಕೆ ಮರ ಏರುವ ತರಬೇತಿ ಶಿಬಿರ ನಡೆಯಿತು. ಇಂಥ ಶಿಬಿರಕ್ಕೆ ಊರಿನ ಇಬ್ಬರು ಹುಡುಗರನ್ನು ಕಳಿಸುವುದರ ಜೊತೆಗೆ, ಕಲಿತು ಬಂದ ವರ್ಷ ಅವರಿಗೆ ಇಷ್ಟು ದಿನದ ಕೆಲಸ ಖಚಿತ ಎಂದು ಬೆಳೆಗಾರರು ಮಾತು ಕೊಡಬೇಕು. ಹಾಗಲ್ಲದಿದ್ದರೆ ಪ್ರಮಾಣಪತ್ರ ಗೋಡೆಯ ಮೇಲೆ ಉಳಿದು ಹುಡುಗ ಪಟ್ಟಣದ ಬಸ್ಸು ಹತ್ತುತ್ತಾನೆ.

ಸಂಘದ ಸ್ವಂತ ಮನೆ

ಸದಸ್ಯರಿಗೆ ಬುದ್ಧಿ ಹೇಳುವ ಸಂಘ ತನ್ನ ಮನೆಯನ್ನೂ ನೋಡಿಕೊಳ್ಳಬೇಕು. ಅನೇಕ ಪ್ರಾಥಮಿಕ ಸಂಘಗಳಲ್ಲಿ ಕಾರ್ಯದರ್ಶಿ ಒಬ್ಬರೇ ಮೂವತ್ತು ವರ್ಷ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ನಡೆಸಿರುತ್ತಾರೆ. ಯಾವ ಸದಸ್ಯನ ಸಾಲಕ್ಕೆ ಯಾರು ಜಾಮೀನು, ಯಾವ ವ್ಯಾಪಾರಿ ಹೇಳಿದ ದಿನ ಹಣ ಕೊಡುತ್ತಾನೆ, ಯಾವ ತೋಟದ ಮಾಲು ಎಂಥದು, ಇದೆಲ್ಲ ಅವರಿಗೆ ಗೊತ್ತು. ಅವರು ನಿವೃತ್ತರಾದ ಮರುದಿನ ಸಂಘಕ್ಕೆ ನೆನಪೇ ಇಲ್ಲದಂತಾಗುತ್ತದೆ. ಅಡಿಕೆ ತರಗತಿ ಮಾಡುವ ಹಿರಿಯರ ವಿಷಯವೂ ಇಷ್ಟೇ. ನಿವೃತ್ತಿಯ ದಿನಾಂಕ ನೇಮಕದ ದಿನವೇ ಗೊತ್ತಿರುತ್ತದೆ. ಇದಕ್ಕಿಂತ ಖಚಿತವಾದ ಮುನ್ಸೂಚನೆ ಬೇರೊಂದಿಲ್ಲ. ಎರಡು ವರ್ಷ ಮುಂಚೆಯೇ ಕಿರಿಯರೊಬ್ಬರನ್ನು ಪಕ್ಕದಲ್ಲಿ ಕೂಡಿಸಿ ಕಲಿಸುವುದಕ್ಕೆ ತಗಲುವ ಸಂಬಳವನ್ನು ಖರ್ಚೆಂದು ನೋಡದೆ ಬಿತ್ತನೆ ಬೀಜದಂತೆ ನೋಡಬೇಕು.

ಈ ವರ್ಷವೇ ಮಾಡಬಹುದಾದದ್ದು

ಇದಕ್ಕೆಲ್ಲ ದೊಡ್ಡ ಬಂಡವಾಳ ಬೇಡ. ಒಂದು ನೂರು ಪುಟದ ಪುಸ್ತಕ ಸಾಕು.

ಬೆಳೆಗಾರನು ಮೊದಲ ಪುಟದಲ್ಲಿ ಮುಂದಿನ ಐದು ವರ್ಷದಲ್ಲಿ ತನ್ನ ತೋಟ ಏನಾಗಬೇಕೆಂದು ನಾಲ್ಕು ಸಾಲು ಬರೆಯಲಿ. ಆಮೇಲೆ ತಿಂಗಳಿಗೊಂದು ಪುಟದಂತೆ ಕೆಲಸ, ಬೇಕಾದ ಆಳು ದಿನ, ಅದು ಮುಗಿಯಲೇಬೇಕಾದ ತಾರೀಕು, ಮಾಡುವವರ ಹೆಸರು ಇಷ್ಟನ್ನು ಬರೆಯಲಿ. ಹೆಸರು ಬರೆಯಲಾಗದ ಜಾಗ ಎಲ್ಲಿದೆಯೋ ಅಲ್ಲಿ ಕೆಂಪು ಗೆರೆ ಎಳೆಯಲಿ. ಕೊರತೆ ಇರುವುದು ಅಲ್ಲಿ. ವರ್ಷದ ಕೊನೆಗೆ ನಿಜವಾಗಿ ಎಷ್ಟು ಆಳು ದಿನ ಹಿಡಿಯಿತೆಂದು ಪಕ್ಕದಲ್ಲಿ ಬರೆದರೆ ಎರಡನೇ ವರ್ಷದ ಅಂದಾಜು ತಾನಾಗಿ ಸರಿಯಾಗುತ್ತದೆ.

ಸಂಘವು ಈ ಪುಸ್ತಕಗಳಿಂದ ಮೂರು ಅಂಕಿಗಳನ್ನು ಮಾತ್ರ ಕೂಡಿಸಲಿ: ಮೊದಲ ಸಿಂಪರಣೆಗೆ ಬೇಕಾದ ಕೊನೆಗಾರರ ಆಳು ದಿನ, ಕಾಫಿಯ ಮುಖ್ಯ ಕೊಯ್ಲಿಗೆ ಬೇಕಾದ ಆಳು ದಿನ, ಊರಿನಲ್ಲಿ ಇರುವ ಕುಶಲರ ಸಂಖ್ಯೆ ಮತ್ತು ವಯಸ್ಸು. ಮಾರ್ಚಿ ತಿಂಗಳಲ್ಲಿ ಮೊದಲನೆಯದನ್ನು, ಸೆಪ್ಟೆಂಬರಿನಲ್ಲಿ ಎರಡನೆಯದನ್ನು ಸದಸ್ಯರ ಮುಂದಿಟ್ಟು ಬೀದಿವಾರು ಸರದಿ ಗೊತ್ತುಮಾಡಲಿ. ಕಳೆದ ವರ್ಷ ಕೊನೆಯಲ್ಲಿದ್ದವರಿಗೆ ಈ ವರ್ಷ ಮೊದಲ ಸರದಿ ಎಂಬ ನಿಯಮವಿದ್ದರೆ ಜಗಳವಿರದು. ವಾರ್ಷಿಕ ಸಭೆಯ ವರದಿಯಲ್ಲಿ ಷೇರು ಬಂಡವಾಳ, ಠೇವಣಿ, ಲಾಭಗಳ ಪಟ್ಟಿಯ ಕೆಳಗೆ ಇನ್ನೊಂದು ಸಾಲು ಬರಲಿ: ಸಂಘದ ವ್ಯಾಪ್ತಿಯಲ್ಲಿ ಕೊನೆಗಾರರು ಇಷ್ಟು, ಅವರಲ್ಲಿ ಮೂವತ್ತೈದು ವರ್ಷದೊಳಗಿನವರು ಇಷ್ಟು, ವಿಮೆ ಇರುವವರು ಇಷ್ಟು.

ಆ ಸಾಲಿನಲ್ಲಿ ಮೊದಲ ವರ್ಷ ಬರುವ ಅಂಕಿ ನಮಗೆ ಸಂತೋಷ ಕೊಡದಿರಬಹುದು. ಆದರೂ ಅದು ಅಚ್ಚಾಗಲಿ. ಮುಂದಿನ ವರ್ಷ ಅದರಲ್ಲಿ ಒಂದು ಹೆಚ್ಚಾದರೆ ಅಷ್ಟು ಮರಗಳಿಗೆ ಮಳೆಗೆ ಮೊದಲು ಮದ್ದು ಬಿತ್ತೆಂದು ಲೆಕ್ಕ.